ಒಮ್ಮತ ಅಂದರೆ ಎಷ್ಟು ಓಟು?

ಚಂದಾಪುರದಲ್ಲಿ ನಾನು ಬಾಡಿಗೆಗಿರುವ ಅಪಾರ್ಟ್‌ಮೆಂಟಿನ ಜನರೇಟರ್ ನನ್ನ ಅಡುಗೆಮನೆ ಕಿಟಕಿಯ ಕೆಳಗೇ ಇತ್ತು. ಕರೆಂಟ್ ಹೋದರೆ ಸಾಕು, ಕೆಮ್ಮಿ ಕೆಮ್ಮಿ ಎದ್ದು ಕೂರುತ್ತಿತ್ತು, ಡೀಸೆಲ್ ಹೊಗೆಯೆಲ್ಲ ನನ್ನ ಒಲೆಯ ಮೇಲೆ. ದಾವಣಗೆರೆಯಿಂದ ಬಂದಿದ್ದ ಅಮ್ಮ ಒಮ್ಮೆ ಮಂಡಕ್ಕಿ ಒಗ್ಗರಣೆ ಮಾಡಿ, ಒಂದು ತುತ್ತು ಬಾಯಿಗಿಟ್ಟು, "ಎಣ್ಣಿ ಎಲ್ಲಿಂದ ತಂದೀಯವ್ವಾ, ಪೆಟ್ರೋಲ್ ಬಂಕಿನಾಗಿಂದೇನು?" ಎಂದು ಕೇಳಿದ್ದಳು.

ಕಳೆದ ಬೇಸಿಗೆಯ ಧಗೆಗೆ ಮನೆಮನೆಗೂ ಏಸಿ ಬಂತು. ಅಷ್ಟನ್ನೂ ಎಳೆಯುವ ತಾಕತ್ತು ಹಳೆಯ ಜನರೇಟರಿಗೆ ಇರಲಿಲ್ಲ. ಇನ್ನೂ ದೊಡ್ಡದು ತರೋಣ ಎಂದು ಕೆಲವರು, ಟೆರೇಸಿನಲ್ಲಿ ಸೋಲಾರ್ ಹಾಕಿಸಿ ಬ್ಯಾಟರಿ ಇಡೋಣ ಎಂದು ಕೆಲವರು. ದೊಡ್ಡದು ಬಂದರೆ ಅದೂ ನನ್ನ ಕಿಟಕಿಯ ಕೆಳಗೇ ಬರುವುದು. ಆಗ ನಾನು ಮನೆ ಬಿಡಬೇಕಾಗುತ್ತಿತ್ತು. ಆ ಮನೆಯೆಂದರೆ ನನಗೆ ಜೀವ, ಬಿಡಲು ಸುತರಾಂ ಇಷ್ಟವಿರಲಿಲ್ಲ. ಆದರೆ ತೀರ್ಮಾನ ಆಗುವುದು ಫ್ಲ್ಯಾಟಿನ ಓನರುಗಳ ಓಟಿನಿಂದ, ಬಾಡಿಗೆಯವಳಾದ ನನಗೆ ಓಟು ಇರಲಿಲ್ಲ.

ಅಸೋಸಿಯೇಷನ್ನಿನ ಸೆಕ್ರೆಟರಿ ಸೋಲಾರ್ ಕಡೆಯವರು. "ಮೀಟಿಂಗಲ್ಲಿ ನೀವು ಕನ್ನಡದಲ್ಲಿ ಮಾತಾಡಿ ಮೇಡಂ, ಊರಿನವರ ಓಟೇ ಜಾಸ್ತಿ ಇರೋದು" ಎಂದರು. ಊರಿನವರು ಎಂದರೆ ಹಿಂದೆ ಈ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದವರು, ಜಮೀನನ್ನು ಬಿಲ್ಡರಿಗೆ ಬಿಟ್ಟುಕೊಟ್ಟು ಬದಲಿಗೆ ಫ್ಲ್ಯಾಟು ಪಡೆದವರು. ನನ್ನ ಓನರ್ ಅವರಲ್ಲೊಬ್ಬರು. ನಾಲ್ಕು ಫ್ಲ್ಯಾಟು, ನಾಲ್ಕು ಓಟು. ವಾಸ ಹಿಂದಿನ ಬೀದಿಯ ಸ್ವಂತ ಮನೆಯಲ್ಲಿ.

ನನ್ನ ಕೆಲಸ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಆ್ಯಪುಗಳಿಗೆ ಕನ್ನಡ ಬರೆಯುವುದು. ಹೀಗಾಗಿ ಬಾಯಿ ತೆರೆದರೆ ನಿಘಂಟಿನ ಕನ್ನಡವೇ ಉದುರುತ್ತದೆ. ಗೆಳತಿಯರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.

ಭಾನುವಾರ ಬೆಳಗ್ಗೆ ಪಾರ್ಕಿಂಗ್‌ನಲ್ಲಿ ಮೀಟಿಂಗ್ ಸೇರಿತು. ಮೊದಲು ಎದ್ದವರು ನೆಲಮಹಡಿಯ ನಿವೃತ್ತ ಅಧಿಕಾರಿ. "ಬಿಸಿಲು ಏರೋದು ಇಳಿಯೋದು ಪ್ರಕೃತಿ ಆಟ ಕಣ್ರೀ. ಮನುಷ್ಯನೇ ಕಾರಣ ಅಂತ ಸೈಂಟಿಸ್ಟುಗಳೇ ಇನ್ನೂ ಒಪ್ಪಿಲ್ಲ. ನಮ್ಮ ಒಂದು ಜನರೇಟರಿಂದ ಏನಾಗುತ್ತೆ?" ಎಂದರು. ನನಗೆ ಮೈ ಉರಿದುಹೋಯಿತು. ಎದ್ದು ನಿಂತು, "ಭೂಮಿ ಬಿಸಿಯಾಗುತ್ತಿರುವುದಕ್ಕೆ ನಾವು ಸುಡುತ್ತಿರುವ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲೇ ಮುಖ್ಯ ಕಾರಣ. ಈ ವಿಷಯದಲ್ಲಿ ಜಗತ್ತಿನ ವಿಜ್ಞಾನಿಗಳಲ್ಲಿ ಒಮ್ಮತವಿದೆ!" ಎಂದು ಸಾರಿದೆ.

ಮುಂದಿನ ಕುರ್ಚಿಯಲ್ಲಿದ್ದ ನನ್ನ ಓನರ್ ಕತ್ತು ಎತ್ತಿದರು. "ಒಂದ್ ಮತಾನಾ?"

"ಹೌದು ಸಾರ್, ಒಮ್ಮತ."

"ಒಂದೇ ಒಂದ್ ಓಟಲ್ಲಿ ಗೆದ್ದವ್ರಾ? ಅಂಗಾರೆ ಸೋತೋರು ರೀಕೌಂಟಿಂಗ್ ಕೇಳ್ಬೇಕಿತ್ತು ಕಣಮ್ಮ. ಪಂಚಾಯ್ತಿ ಎಲೆಕ್ಷನ್ನಾಗೆ ನಾನು ಕೇಳಿದ್ದೆ."

ಪಾರ್ಕಿಂಗ್ ಪೂರ್ತಿ ಗೊಳ್ಳೆಂದಿತು. ನನಗೂ ನಗು ತಡೆಯಲಾಗಲಿಲ್ಲ. ನಿಘಂಟನ್ನು ಪಕ್ಕಕ್ಕಿಟ್ಟು ಮತ್ತೆ ಶುರುಮಾಡಿದೆ. "ಒಂದು ಓಟಲ್ಲ ಸಾರ್. ಹೆಚ್ಚುಕಮ್ಮಿ ಎಲ್ಲರ ಓಟೂ ಒಂದೇ ಕಡೆ ಬಿದ್ದಿದೆ."

"ಯಾವ್ ದೇಶದೋರ್ದು?"

"ಎಲ್ಲಾ ದೇಶದವರದ್ದೂ."

"ಮೊದ್ಲೇ ಮಾತಾಡ್ಕೊಂಡು ಆಕಿದ್ದಾ?"

"ಇಲ್ಲ ಸಾರ್, ಅವರವರೇ ಬೇರೆ ಬೇರೆ ಅಳೆದು ನೋಡಿದ್ದು. ಒಬ್ಬರ ಲೆಕ್ಕದಲ್ಲಿ ತಪ್ಪು ಹಿಡಿಯೋದೇ ಇನ್ನೊಬ್ಬರ ಕೆಲಸ."

ಓನರ್ ಗಲ್ಲ ಕೆರೆದುಕೊಂಡರು. ಆಮೇಲೆ ನಿವೃತ್ತ ಅಧಿಕಾರಿಯ ಕಡೆ ತಿರುಗಿದರು. "ಸಂಪು ಯಾವತ್ತು ತೊಳೆಸ್ಬೇಕು ಅನ್ನಾಕೇ ನಾವಿಲ್ಲಿ ಕಿತ್ತಾಡ್ತೀವಿ. ತಪ್ಪು ಉಡುಕೋದೇ ಕೆಲ್ಸ ಆಗಿರೋ ಜನ ಅಷ್ಟೂ ಒಂದೇ ಮಾತಿಗೆ ಬಂದವ್ರೆ ಅಂದ್ರೆ ಸುಮ್ನೇನಾ ಸ್ವಾಮಿ?"

"ಅದ್ಸರಿ, ಆದ್ರೂ ನಮ್ದು ಒಂದೇ ಜನರೇಟರ್ ಅಲ್ವಾ?"

"ನನ್ದೊಂದು ಓಟಿಂದ ಏನಾಯ್ತದೆ ಅಂತ ಎಲ್ರೂ ಮನೇಲಿ ಕುಂತ್ರು. ಅದ್ಕೇ ನಾನು ಎಲೆಕ್ಷನ್ನಾಗೆ ಸೋತಿದ್ದು."

ನಿವೃತ್ತರೂ ನಕ್ಕು ಕೂತರು. ಸೆಕ್ರೆಟರಿ ಸಮಯ ನೋಡಿ, ಸೋಲಾರ್ ಬೇಕೆನ್ನುವವರು ಕೈ ಎತ್ತಿ ಎಂದರು. ಓನರ್ ಕೈ ಎತ್ತಿದ್ದೇ ತಡ, ಊರಿನವರ ಕೈಗಳೆಲ್ಲ ಮೇಲೆ ಹೋದವು. ಎಣಿಸುವ ಮೊದಲೇ ಸೋಲಾರ್ ಗೆದ್ದಿತೆಂದು ಗೊತ್ತಾಯಿತು. ನನ್ನ ಮನೆ ಉಳಿಯಿತು!

"ಯಜಮಾನ್ರೇ, ನಿಮ್ಮದು ನಾಲ್ಕು ಬರ್ಕೊಳ್ಳಲಾ?" ಎಂದು ಸೆಕ್ರೆಟರಿ ಕೇಳಿದರು.

"ಮೂರು ಬರ್ಕೊಳ್ಳಿ. ನಾಲ್ಕನೇ ಮನೇಲಿ ಡೀಸೆಲ್ ಒಗೆ ಕುಡೀತಿರೋಳು ಈಯಮ್ಮ. ನಾನಾ ಅಲ್ಲಿರೋದು? ಆ ಓಟು ಈಯಮ್ಮನೇ ಆಕ್ಲಿ."

ಸೆಕ್ರೆಟರಿ ತಬ್ಬಿಬ್ಬಾಗಿ ಎಲ್ಲರ ಮುಖ ನೋಡಿದರು. ಯಾರೂ ತಕರಾರು ತೆಗೆಯಲಿಲ್ಲ, ನಿವೃತ್ತರು ಕೂಡ. ಇಷ್ಟು ವರ್ಷ ಆ ಹೊಗೆ ಕುಡಿದ ನನ್ನನ್ನು ಇದುವರೆಗೆ ಯಾರೂ ಏನೂ ಕೇಳಿರಲಿಲ್ಲ.

"ಒಂದ್ ಕೈ ಸಾಕು ಮೇಡಂ!" ಎಂದು ಸೆಕ್ರೆಟರಿ ಕೂಗಿದಾಗಲೇ ನನಗೆ ತಿಳಿದದ್ದು, ನಾನು ಎರಡೂ ಕೈ ಎತ್ತಿ ನಿಂತಿದ್ದೆ.