ಗಲಗಲಿ ಹಿನ್ನೀರಿನಲ್ಲಿ ಜಾಬರ್ ಮಲಕಾಜಪ್ಪ

ನಮ್ಮ ಅಕ್ಕ ಅನಸವ್ವನ ಗಂಡ ಮಲಕಾಜಪ್ಪನನ್ನು ನಾನು ಮಾಮಾ ಎನ್ನುತ್ತೇನೆ. ಅಕ್ಕನ ಗಂಡ ಅಂದಮೇಲೆ ಕಾಲೆಳೆಯುವ ಹಕ್ಕು ನನ್ನದು. ಅದನ್ನು ನಲವತ್ತು ವರ್ಷ ಧಾರಾಳವಾಗಿ ಬಳಸಿಕೊಂಡಿದ್ದೇನೆ. ಒಂದು ಸಲ ಮಾತ್ರ ನನ್ನ ನಾಲಗೆ ಮಿತಿ ಮೀರಿತು. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ಮಾಮಾ ರಬಕವಿಯಲ್ಲಿ ಜಾಬರ್, ಅಂದರೆ ಕೆಟ್ಟ ಪವರ್‌ಲೂಮ್‌ಗಳನ್ನು ರಿಪೇರಿ ಮಾಡುವವನು. ಹದಿನಾಲ್ಕನೇ ವಯಸ್ಸಿಗೆ ಮಗ್ಗದ ಶೆಡ್ಡು ಹೊಕ್ಕ, ಈಗ ಅರವತ್ತೆರಡು. ಅಷ್ಟು ವರ್ಷ ಆ ಖಟಖಟ ಸದ್ದಿನಲ್ಲಿ ನಿಂತವನ ಕಿವಿ ಉಳಿದೀತೇ? ಎರಡೂ ಹೋಗಿವೆ. ಊಟಕ್ಕೆ ಕರೆಯಬೇಕಾದರೆ ಅಕ್ಕ ಅವನ ಕೋಣೆಯ ದೀಪವನ್ನು ಎರಡು ಸಲ ಆರಿಸಿ ಹಚ್ಚುತ್ತಾಳೆ. ಆದರೆ ಮಷೀನಿನ ರೋಗ ತಿಳಿಯಲು ಅವನಿಗೆ ಕಿವಿ ಬೇಕಿಲ್ಲ. ಅದರ ಮೈಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಲ್ಲುತ್ತಾನೆ. ಆಮೇಲೆ ನೇರವಾಗಿ ಕೆಟ್ಟ ಜಾಗಕ್ಕೇ ನಟ್ಟು ಬಿಚ್ಚುವ ಪಾನಾ ಹಾಕುತ್ತಾನೆ. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚೂ ಆಗುತ್ತದೆ, ಹೆಮ್ಮೆಯೂ ಆಗುತ್ತದೆ.

ಇಂಥವನ ಮನೆಗೆ ಕಳೆದ ವರ್ಷ ತೇರದಾಳದ ಬಟ್ಟೆ ವ್ಯಾಪಾರಿ ಆದಿನಾಥರು ಒಂದು ಬೋಟಿನ ಎಂಜಿನ್ ತಂದಿಳಿಸಿದರು. ಅವರ ಹೆಂಡತಿ ಸುಮನ ಅವರ ತವರು ಗಲಗಲಿ. ಹುಡುಗಿಯಾಗಿದ್ದಾಗ ಕೃಷ್ಣೆಯಲ್ಲಿ ಈಜಿ ಬೆಳೆದವರು. ಈಗ ಮೊಣಕಾಲು ನೋವು, ದಂಡೆ ಇಳಿಯಲು ಇಬ್ಬರು ಹಿಡಿಯಬೇಕು. ಹೆಂಡತಿಯನ್ನು ಮತ್ತೆ ಹೊಳೆಯ ನಡುವೆ ಕರೆದೊಯ್ಯಬೇಕೆಂದು ಆದಿನಾಥರು ಗೋವಾದಿಂದ ಹಳೆಯದೊಂದು ಫೈಬರ್ ಬೋಟ್ ತರಿಸಿ ಗಲಗಲಿಯ ಹಿನ್ನೀರಿನಲ್ಲಿ ಇಟ್ಟಿದ್ದರು. ಮೊದಲ ದಿನವೇ ನಡುಹೊಳೆಯಲ್ಲಿ ಎಂಜಿನ್ ನಿಂತುಹೋಯಿತು. ಗಾಳಿ ದೂಡಿದ ಕಡೆಗೆ ಬೋಟು ಒಂದು ತಾಸು ತೇಲಿತು. ಕೊನೆಗೆ ಮೀನು ಹಿಡಿಯುವವರು ಹಗ್ಗ ಕಟ್ಟಿ ಎಳೆದು ತಂದರು. ಅಂದಿನಿಂದ ಸುಮನ ಅವರು ಬೋಟಿನ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದರು. ಹೆಂಡತಿಯ ಅಂಜಿಕೆ ಹೋಗುವಂಥ ಎಂಜಿನ್ ಮಾಡಿಕೊಡಿ ಎಂದು ಆದಿನಾಥರು ಮಾಮಾನನ್ನು ಕೇಳಿಕೊಂಡರು.

ಮಾಮಾ ಎಂಜಿನ್ ಪೂರ್ತಿ ಬಿಚ್ಚಿದ. ಹೊಳೆಯ ನೀರನ್ನು ಒಳಗೆಳೆದು ಎಂಜಿನ್ನನ್ನು ತಂಪಾಗಿಡುವ ಒಂದು ರಬ್ಬರ್ ಚಕ್ರ ಇರುತ್ತದೆ, ಅದರ ರೆಕ್ಕೆಗಳೇ ಮುರಿದಿದ್ದವು. ಎಂಜಿನ್ ಕಾದು ಪಿಸ್ಟನ್ ರಿಂಗುಗಳು ಹಿಡಿದುಕೊಂಡಿದ್ದವು. ಹೊಸ ಸಾಮಾನು ಗೋವಾದಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂತು. ಹದಿನೈದು ದಿನ ಅವನು ಮದುವೆ ಮನೆಯವರಂತೆ ಓಡಾಡಿದ. ಯಾರೂ ಹೇಳದಿದ್ದರೂ ಎಂಜಿನ್ ಜೊತೆ ಬಂದಿದ್ದ ಪೆಟ್ರೋಲ್ ಟ್ಯಾಂಕನ್ನು ತೊಳೆದ, ಕೈ ಹಾಕಿ ಒಳಗೆಲ್ಲ ಒರೆಸಿದ. ನೀರು ತುಂಬಿದ ಡ್ರಮ್ಮಿನಲ್ಲಿ ಎಂಜಿನ್ ಇಳಿಸಿ ಐದು ನಿಮಿಷ ಓಡಿಸಿದಾಗ ಅದು ಒಂದು ಸಲವೂ ತಡವರಿಸಲಿಲ್ಲ. ಅಕ್ಕ ಅದಕ್ಕೆ ಕುಂಕುಮ ಹಚ್ಚಿದಳು.

ಗಲಗಲಿಯಲ್ಲಿ ಪರೀಕ್ಷೆಯ ದಿನ ಸುಮನ ಅವರು ದಂಡೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕುಳಿತರು. ಆದಿನಾಥರು, ಮಾಮಾ, ನಾನು ಬೋಟಿನಲ್ಲಿದ್ದೆವು. ಹತ್ತು ನಿಮಿಷಕ್ಕೆ ಎಂಜಿನ್ ನಿಂತಿತು. ಸ್ವಲ್ಪ ತಡೆದು ಎಳೆದರೆ ಹತ್ತಿಕೊಂಡಿತು, ಹತ್ತು ನಿಮಿಷ ಓಡಿ ಮತ್ತೆ ನಿಂತಿತು. ಹಾಗೂ ಹೀಗೂ ದಂಡೆ ಸೇರುವಷ್ಟರಲ್ಲಿ ಸುಮನ ಅವರು ಕುರ್ಚಿ ಬಿಟ್ಟು ಮನೆಗೆ ಹೋಗಿಬಿಟ್ಟಿದ್ದರು.

ಆದಿನಾಥರು ಸಿಟ್ಟಾಗಲಿಲ್ಲ. ಎಂಜಿನ್ನನ್ನು ಗೋವಾಕ್ಕೆ ಕಳಿಸೋಣವೇ ಎಂದು ಮೆಲ್ಲಗೆ ಕೇಳಿದರು. ಸಿಟ್ಟು ಬಂದದ್ದು ನನಗೆ, ನಾಚಿಕೆಯಿಂದ ಬಂದ ಸಿಟ್ಟು. ಅವರ ಕಡೆ ತಿರುಗಿ ಅಂದೆ: "ಕಿವಿ ಕೇಳದವ ಎಂಜಿನ್ ಕೆಲಸಾ ಹಿಡಿಬಾರದಿತ್ತ ಬಿಡ್ರಿ."

ಕೇಳಿಸುವುದಿಲ್ಲ ಎಂದೇ ಅಂದದ್ದು. ಆದರೆ ಮಗ್ಗದ ಸದ್ದಿನಲ್ಲಿ ಬದುಕಿದವರು ತುಟಿ ಓದುತ್ತಾರೆ. ನಾನೂ ಅದೇ ಊರಿನವನು, ನನಗೆ ಗೊತ್ತಿರಬೇಕಿತ್ತು. ತಿರುಗಿ ನೋಡಿದರೆ ಮಾಮಾ ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದ. ಇನ್ನೊಂದು ದಿನ ಕೊಡಿ ಎಂದು ಆದಿನಾಥರನ್ನು ಕೇಳಿಕೊಂಡ, ಅಷ್ಟೆ.

ಮರುದಿನ ಬೆಳಿಗ್ಗೆ ನನ್ನನ್ನೇ ಜೊತೆಗೆ ಕರೆದ. ಬೋಟು ಹತ್ತುವಾಗ ಅಂದ: "ಕಿವಿ ಹೋಗ್ಯಾವು, ಖರೆ ಅದ. ಕೈ ಇನ್ನೂ ಅದಾವು."

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ತಪ್ಪಾಯಿತು ಎನ್ನದೆ ಹೋಗಿ ಚುಕ್ಕಾಣಿ ಹಿಡಿದೆ.

ದಂಡೆಯ ಹತ್ತಿರದಲ್ಲೇ ಬೋಟು ಸುತ್ತಿಸಿದೆ. ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಪೈಪಿನ ನಡುವೆ ಮುಷ್ಟಿಯಷ್ಟು ದಪ್ಪನೆಯ ರಬ್ಬರ್ ಗುಂಡು ಇದೆ. ಮಾಮಾ ಅದನ್ನು ಹಿಡಿದುಕೊಂಡು ಕಣ್ಣು ಮುಚ್ಚಿ ಕುಳಿತ. ಹತ್ತು ನಿಮಿಷವಾಗುತ್ತಿದ್ದಂತೆ ಅವನ ಮುಖ ಬದಲಾಯಿತು. ಗುಂಡು ಅವನ ಕೈಯೊಳಗೇ ಚಪ್ಪಟೆಯಾಗುತ್ತಿತ್ತು. ಎಂಜಿನ್ ಎಳೆಯುತ್ತಿದೆ, ಟ್ಯಾಂಕು ಪೆಟ್ರೋಲ್ ಬಿಡುತ್ತಿಲ್ಲ. ಎಂಜಿನ್ ನಿಂತ ಕೂಡಲೇ ಟ್ಯಾಂಕಿನ ಒಳಗಿನ ಕೊಳವೆ ಹೊರತೆಗೆದರೆ ಅದರ ಬಾಯಿಗೆ ಹಸಿರು ನೂಲಿನ ಒಂದು ಸಣ್ಣ ಮುದ್ದೆ ಅಂಟಿಕೊಂಡಿತ್ತು.

ನಮ್ಮ ಊರಿನಲ್ಲಿ ಸೈಕಲ್ಲಿನಿಂದ ಹಿಡಿದು ಕಂದೀಲಿನ ಗಾಜಿನವರೆಗೆ ಎಲ್ಲವನ್ನೂ ಒರೆಸುವುದು ಮಗ್ಗದಿಂದ ಉಳಿದ ನೂಲಿನಿಂದಲೇ. ಟ್ಯಾಂಕನ್ನೂ ಮಾಮಾ ಅದರಲ್ಲೇ ಒರೆಸಿದ್ದ. ಒಳಗೆ ಉಳಿದ ಎಳೆಗಳು ನಿಧಾನಕ್ಕೆ ಬಂದು ಕೊಳವೆಗೆ ಅಡ್ಡ ಕೂಡುತ್ತಿದ್ದವು, ಎಂಜಿನ್ ನಿಂತು ಸ್ವಲ್ಪ ಹೊತ್ತಾದರೆ ಬಿಟ್ಟುಕೊಳ್ಳುತ್ತಿದ್ದವು.

ಹೊಳೆಗೆ ಒಗೆದುಬಿಡು, ಯಾರೂ ನೋಡಿಲ್ಲ ಎಂದು ಸನ್ನೆ ಮಾಡಿದೆ. ಮಾಮಾ ಒಗೆಯಲಿಲ್ಲ. ಟ್ಯಾಂಕು ಖಾಲಿ ಮಾಡಿ, ಮೂರು ಸಲ ತೊಳೆದು, ಬಿಸಿಲಿಗಿಟ್ಟು ಒಣಗಿಸಿದ. ಆಮೇಲೆ ಆ ನೂಲನ್ನು ಅಂಗೈಯಲ್ಲಿಟ್ಟುಕೊಂಡು ನೆಟ್ಟಗೆ ಸುಮನ ಅವರ ತವರು ಮನೆಗೆ ನಡೆದ. ಆದಿನಾಥರೂ ಅಲ್ಲೇ ಇದ್ದರು.

"ತಪ್ಪು ಎಂಜಿನ್‌ದಲ್ಲ ಅಕ್ಕಾರ, ನಂದು. ಈ ನೂಲು ನಾನ ಬಿಟ್ಟಿದ್ನಿ," ಎಂದು ಕೈ ಚಾಚಿದ.

ಸುಮನ ಅವರು ನೂಲನ್ನು ಬೆರಳಿನಲ್ಲಿ ಎತ್ತಿ ನೋಡಿದರು. ಅವನಿಗೆ ತಿಳಿಯುವಂತೆ ಮುಖ ಎತ್ತಿ, ಒಂದೊಂದೇ ಮಾತು ಬಿಡಿಸಿ ಹೇಳಿದರು: "ಯಾಕ ನಿಲ್ಲತೈತಿ ಅಂತ ಯಾರಿಗೂ ಗೊತ್ತಿರಲಿಲ್ಲ ನೋಡ್ರಿ, ಅದಕ್ಕ ಅಂಜತಿದ್ನಿ. ನೀವು ಜೋಡಿ ಬರೂದಾದ್ರ ಇವತ್ತ ಹೋಗೂಣು."

ಸಂಜೆಯ ಮುಂಚೆ ಆದಿನಾಥರು ಒಂದು ಕಡೆ, ನಾನೊಂದು ಕಡೆ ಹಿಡಿದು ಅವರನ್ನು ಬೋಟಿನಲ್ಲಿ ಕೂರಿಸಿದೆವು. ಹತ್ತು ನಿಮಿಷ ಕಳೆಯಿತು, ಇಪ್ಪತ್ತಾಯಿತು. ಎಂಜಿನ್ ಒಂದೇ ಹದದಲ್ಲಿ ಓಡುತ್ತಿತ್ತು. ಬೋಟಿನ ಅಂಚು ಬಿಗಿಯಾಗಿ ಹಿಡಿದಿದ್ದ ಸುಮನ ಅವರ ಕೈ ಯಾವಾಗ ನೀರಿಗಿಳಿಯಿತೋ ನಾನು ಗಮನಿಸಲಿಲ್ಲ. ಸರಿಯಾಗಿ ನಡುಹೊಳೆಗೆ ಬಂದಾಗ ಅವರು ಹಿಂದೆ ತಿರುಗಿ ಮಾಮಾನ ತೋಳು ಮುಟ್ಟಿದರು.

"ಒಂದೀಟು ಬಂದ್ ಮಾಡ್ರಿ. ನೀರಿನ ಸಪ್ಪಳಾ ಕೇಳಬೇಕಾಗೈತಿ."

ಆದಿನಾಥರು ಗಾಬರಿಯಿಂದ ನನ್ನ ಮುಖ ನೋಡಿದರು. ಮಾಮಾ ನಕ್ಕು ಎಂಜಿನ್ ಬಂದ್ ಮಾಡಿದ. ಮತ್ತೆ ಹತ್ತೀತೇ ಎಂದು ಸುಮನ ಅವರು ಕೇಳಲಿಲ್ಲ. ನೀರಿನಲ್ಲಿ ಕೈ ಆಡಿಸುತ್ತ ತುಂಬಾ ಹೊತ್ತು ಕುಳಿತಿದ್ದರು.