ಮಹೇಶ್ವರಪ್ಪನವರು ಕುರ್ಚಿಯಿಂದ ಏಳದೇ ಹೋದದ್ದು

ಶಿಕಾರಿಪುರದ ಚೈತ್ರಶ್ರೀ ಚಿಕ್ಕವಳಿದ್ದಾಗ ಮನೆಯ ಸ್ವಿಚ್ಚಿಗೆ ಕೆಂಪು ನೇಲ್ ಪಾಲಿಶ್ ಬಳಿದು ಬೈಸಿಕೊಂಡಿದ್ದಳು. ಅಜ್ಜಿ ಅಕ್ಕನಾಗಮ್ಮ ದೀಪ ಹಾಕಲು ಹೋಗಿ ದಿನವೂ ಫ್ಯಾನ್ ಹಾಕುತ್ತಿದ್ದರು, ತಮಗೇ ಬುದ್ಧಿಯಿಲ್ಲವೆಂದು ಬೈದುಕೊಳ್ಳುತ್ತಿದ್ದರು. ದೀಪದ ಸ್ವಿಚ್ಚಿಗೆ ಕೆಂಪು ಬೊಟ್ಟು ಬಿದ್ದ ಮೇಲೆ ಅಜ್ಜಿ ತಪ್ಪು ಮಾಡಲಿಲ್ಲ. ಯಾರೋ ಪೂಜೆ ಮಾಡಿದ್ದಾರೆಂದುಕೊಂಡು ಪಕ್ಕದಲ್ಲಿ ವಿಭೂತಿಯನ್ನೂ ಎಳೆದರು, ಅಷ್ಟೇ.

ಮುಂದೆ ಅವಳು ವಸ್ತು ವಿನ್ಯಾಸವನ್ನೇ ಓದಿದಳು. ಬಳಸುವವರು ಎಡವಿದರೆ ತಪ್ಪು ವಸ್ತುವಿನದು ಎಂಬುದು ಅವಳ ಹಠ. ಊರಿಗೆ ಮರಳಿ ದೊಡ್ಡಪ್ಪ ಮಹೇಶ್ವರಪ್ಪನವರ ಸ್ಟೀಲ್ ಕುರ್ಚಿಗಳ ವರ್ಕ್‌ಶಾಪ್ ಸೇರಿದಾಗ, ಮೊದಲು ಕಣ್ಣಿಗೆ ಬಿದ್ದದ್ದು ವಯಸ್ಸಾದವರ ಶೌಚಕ್ಕೆಂದು ಮಾಡುತ್ತಿದ್ದ ಕಮೋಡ್ ಕುರ್ಚಿ. ತೀರಾ ತಗ್ಗು, ಹಿಡಿಯಲು ಕೈಗಳಿಲ್ಲ. ಬೆನ್ನಿನಲ್ಲಿ ಮಾತ್ರ ಗರಿ ಬಿಚ್ಚಿದ ನವಿಲು.

"ಏನ್ ಕಮ್ಮಿ ಆಗೇತವ್ವ ಇದಕ್ಕೆ?" ಎಂದರು ದೊಡ್ಡಪ್ಪ.

"ಒಂದ್ಸಲ ಮುದುಕರಾಗಿ ಕೂತು ಎದ್ದು ತೋರಿಸ್ರಿ ದೊಡ್ಡಪ್ಪ. ಆಮೇಲೆ ಬಾಯಿ ಮುಚ್ಕೊಂಡಿರ್ತೀನಿ."

ಅವಳು ಅವರ ಮೊಣಕಾಲುಗಳಿಗೆ ಟವೆಲ್ ಬಿಗಿದಳು, ಕೈಗೆ ಉಣ್ಣೆಯ ಗವಸು ತೊಡಿಸಿದಳು, ಕನ್ನಡಕಕ್ಕೆ ಕೊಬ್ಬರಿ ಎಣ್ಣೆ ಸವರಿದಳು. ದೊಡ್ಡಪ್ಪ ಗತ್ತಿನಿಂದಲೇ ಕೂತರು. ಏಳಲು ಮುಂದಕ್ಕೆ ಬಾಗಿದರೆ ಕುರ್ಚಿಯ ಹಿಂಗಾಲುಗಳೂ ಅವರೊಂದಿಗೆ ಎದ್ದವು. ಮತ್ತೆ ದೊಪ್ಪನೆ ಕೂತರು. ಸರಿಯಾಗಿ ಆ ಹೊತ್ತಿಗೆ ಸೊರಬದ ಬೀಗರು ಈಶ್ವರ್ ಬಾಗಿಲಲ್ಲಿ ಬಂದು ನಿಂತರು.

"ಅಯ್ಯೋ ಬೀಗ್ರೇ, ಏನಾಯ್ತ್ರೀ ಇದು?"

ಎಣ್ಣೆಗಣ್ಣಿನ ದೊಡ್ಡಪ್ಪ ಕೇಳಿದರು: "ಯಾರ್ರೀ ಅದು?"

ಬೀಗರು ಅಷ್ಟಕ್ಕೇ ಹೌಹಾರಿ ಹೊರಗೋಡಿದರು. ಸಂಜೆಯೊಳಗೆ ಮಹೇಶ್ವರಪ್ಪನವರಿಗೆ ಲಕ್ವ ಹೊಡೆದಿದೆಯೆಂದು ಊರಿಡೀ ಸುದ್ದಿ. ಎಳನೀರು, ಮೂಸಂಬಿ ಹಿಡಿದು ಜನ ಬರತೊಡಗಿದರು. ನಿಜ ಹೇಳಲು ನಾಚಿ ದೊಡ್ಡಪ್ಪ ಒಳಕೋಣೆಯಲ್ಲಿ ಹೊದ್ದು ಮಲಗಿದರು. ಚೈತ್ರಶ್ರೀ ಬಂದವರಿಗೆಲ್ಲ ಗಾಬರಿಯಾಗುವಂಥದ್ದೇನಿಲ್ಲ ಎಂದು ಟೀ ಕೊಟ್ಟು, ನಿಮ್ಮ ಮನೆಯ ಹಿರಿಯರು ಹೇಗೆ ಕೂತು ಏಳುತ್ತಾರೆಂದು ಮೆಲ್ಲಗೆ ಕೇಳಿದಳು. ಯಾರಿಗೂ ಸಂಕೋಚವೆನಿಸಲಿಲ್ಲ. ರೋಗಿಯ ಮನೆಯಲ್ಲಿ ಬೇರೆ ಇನ್ನೇನು ಮಾತಾಡುವುದು? ಟವೆಲ್ ಹಾಕುವ ಕಂಬಿ ಜಗ್ಗಿ, ಅದರ ಸಮೇತ ಬಿದ್ದ ಅತ್ತೆಯ ಕಥೆಯನ್ನು ರಾಜೇಶ್ವರಮ್ಮ ನಟಿಸಿಯೇ ತೋರಿಸಿದರು.

ಅಂಜನಾಪುರದ ಕುರಿಗಾರ ಉಜ್ಜಪ್ಪ ಮಾತ್ರ ದನಿ ತಗ್ಗಿಸಿದ. "ನಮ್ಮವ್ವ ಹನುಮವ್ವ ರಾತ್ರಿ ಉಣ್ಣಾದೇ ಬಿಟ್ಟಾಳ್ರಿ. ನಡುರಾತ್ರಿ ಹೊರಕಡಿಗೆ ಬಂದ್ರೆ ಎಬ್ಬಿಸಾಕೆ ನನ್ನ ಕರೀಬೇಕಲ್ಲ, ನಾಚ್ಕಿ. ಆಸ್ಪತ್ರಿ ಕುರ್ಚಿ ಥರದ್ದು ತಂದ್ರೆ ಮುಟ್ಟಾದಿಲ್ಲ."

ಚೈತ್ರಶ್ರೀಯ ನಗು ಅಲ್ಲಿಗೆ ನಿಂತಿತು. ಮರುದಿನವೇ ಹೊಸ ಕುರ್ಚಿಗೆ ಕೈ ಹಚ್ಚಿದಳು. ಎತ್ತರದ ಆಸನ, ಊರಿಕೊಂಡು ಏಳಲು ಗಟ್ಟಿ ಕೈಗಳು. ಮುಚ್ಚಳ ಹಾಕಿದರೆ ಪಡಸಾಲೆಯ ಕುರ್ಚಿಯೇ.

ದೊಡ್ಡಪ್ಪ ಮತ್ತೆ ಪೇಟೆಗೆ ಕಾಲಿಟ್ಟಾಗ, ಯಾವ ಡಾಕ್ಟರು ಗುಣ ಮಾಡಿದರೆಂದು ಎಲ್ಲರೂ ಕೇಳಿದರು.

"ಡಾಕ್ಟರಲ್ರೀ, ನಮ್ಮ ಹುಡುಗಿ. ಅವಳೇ ಕೂರಿಸಿದ್ಲು, ಅವಳೇ ಎಬ್ಬಿಸಿದ್ಲು."

ಮೊದಲ ಕುರ್ಚಿ ಅಂಜನಾಪುರಕ್ಕೆ ಹೋಯಿತು. ವಾರ ಕಳೆದು ಉಜ್ಜಪ್ಪ ಫೋನ್ ಮಾಡಿದ. ಅವ್ವ ಈಗ ಹೊಟ್ಟೆ ತುಂಬ ಉಣ್ಣುತ್ತಾಳಂತೆ.

"ಒಂದೇ ತೊಂದ್ರೆ ಕಣವ್ವ. ಬಂದ ನೆಂಟರನ್ನೆಲ್ಲ ಅದರಾಗೇ ಕೂರಿಸ್ತಾಳೆ. ಟೀ ಕುಡಿದು ಮುಗಿಯಾತನಕ ಅದು ಏನಂತ ಹೇಳಾದಿಲ್ಲ."