ಡ್ರೈವರ್ ಬರೆಸಿದ ಪಾಪಗಳು

ಚರ್ಚಿನಲ್ಲಿ ಭಾನುವಾರ ಪ್ರಸಾದವೆಂದು ನಾಲಿಗೆಯ ಮೇಲಿಡುವ ತೆಳ್ಳನೆಯ ಬಿಳಿ ರೊಟ್ಟಿ ಮಾಡುತ್ತಿದ್ದವಳು ಅವಳು. ಗೋಧಿ ಹಿಟ್ಟು, ನೀರು, ಅಷ್ಟೇ. ಉಪ್ಪು ಕೂಡ ಇಲ್ಲ. ಕಾದ ಎರಡು ಕಬ್ಬಿಣದ ಹಲಗೆಗಳ ನಡುವೆ ಹಿಟ್ಟು ಹುಯ್ದು ಒತ್ತಬೇಕು. ಹಾಳೆಯಾದದ್ದನ್ನು ಒದ್ದೆ ಬಟ್ಟೆಯಡಿ ಇಟ್ಟು ಮೆತ್ತಗೆ ಮಾಡಿ ಬಿಲ್ಲೆ ಕತ್ತರಿಸಬೇಕು, ಅವಸರ ಮಾಡಿದರೆ ಎಲ್ಲ ಪುಡಿಪುಡಿ. ಇಪ್ಪತ್ತಾರು ವರ್ಷ ಮಾಡಿದಳು. ಜನರ ಬಾಯಲ್ಲಿ ರೊಟ್ಟಿಯಮ್ಮ ಆದಳು. ಆದರೆ ಅವಳ ನಾಲಿಗೆಯ ಮೇಲೆ ಮಾತ್ರ ಯಾರೂ ಒಂದು ಬಿಲ್ಲೆ ಇಡಲಿಲ್ಲ.

ಕಾರಣ, ಮದುವೆ. ಗಂಡ ಬಸ್ ಡ್ರೈವರ್. ಅವನ ಮೊದಲ ಹೆಂಡತಿ ಇನ್ನೊಬ್ಬನ ಜೊತೆ ಹೋಗಿ ಮೂರು ಮಕ್ಕಳನ್ನು ಹೆತ್ತರೂ, ಕೋರ್ಟು ವಿಚ್ಛೇದನ ಕೊಟ್ಟರೂ, ಚರ್ಚಿನ ಪುಸ್ತಕದಲ್ಲಿ ಅವಳೇ ಹೆಂಡತಿ. ರೊಟ್ಟಿಯಮ್ಮನದು ರಿಜಿಸ್ಟರ್ ಮದುವೆ, ಅಂದರೆ ಪಾಪ. ಗಂಡ ಹೆಂಡತಿ ಇಬ್ಬರಿಗೂ ರೊಟ್ಟಿ ಇಲ್ಲ. ಆ ಪಾಪ ಹಿಟ್ಟು ಕಲಸುವ ಕೈಗೆ ಅಂಟುವುದಿಲ್ಲ, ನಾಲಿಗೆಗೆ ಮಾತ್ರ ಅಂಟುತ್ತದಂತೆ! ಎಂಥ ಅನುಕೂಲದ ಪಾಪ ನೋಡಿ.

ಅವಳೂ ಹಲ್ಲುಕಚ್ಚಿ ಸಹಿಸಿದಳು. ಯೇಸುವಿನ ಹತ್ತಿರ ಮಾತ್ರ ಒಲೆಯ ಮುಂದೆ ದಿನವೂ ಜಗಳ. ಮನೆಯವರ ಹತ್ತಿರ ಆಡುವ ಹಾಗೆ, ಸಲಿಗೆಯ ಜಗಳ.

ಈಗ ಡ್ರೈವರನ ಶ್ವಾಸಕೋಶ ಕೈಕೊಟ್ಟಿತ್ತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಎರಡು ದಿಂಬಿಗೆ ಒರಗಿ ಕೂತವನು, "ಹೋಗೋ ಮುಂಚೆ ಒಂದ್ಸಲ ಆ ರೊಟ್ಟಿ ತಗೋಬೇಕು ಕಣೇ" ಎಂದ. ಜೀವಮಾನದಲ್ಲಿ ಅವಳಲ್ಲಿ ಏನೂ ಕೇಳದ ಗಂಡಸು.

ಉಟ್ಟ ಸೀರೆಯಲ್ಲೇ ಫಾದರ್ ಆಫೀಸಿಗೆ ಓಡಿದಳು. ಅವರು ದನಿ ಏರಿಸಲಿಲ್ಲ. ಡ್ರಾಯರಿನಿಂದ ಒಂದು ಹಾಳೆ ತೆಗೆದು ಮುಂದಿಟ್ಟರು. "ಇಷ್ಟು ವರ್ಷ ನಿಮ್ಮ ಜೊತೆ ಬಾಳಿದ್ದು ಪಾಪ, ಅದಕ್ಕೆ ಪಶ್ಚಾತ್ತಾಪ ಪಡ್ತೀನಿ ಅಂತ ಅವರು ಸೈನ್ ಮಾಡ್ಲಿ. ರೊಟ್ಟಿ ತಗೊಂಡು ಇವತ್ತೇ ಬರ್ತೀನಿ."

ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ಹಾಳೆ ತಂದಳು. ಅವನ ಆಸೆಗಿಂತ ತನ್ನ ಮಾನ ದೊಡ್ಡದೇ?

ಬಾಗಿಲಲ್ಲೇ ತಂಗಿ ಸಿಕ್ಕಳು. ಧ್ಯಾನದ ತರಗತಿ ನಡೆಸುವವಳು. "ಅಕ್ಕಾ, ಧರ್ಮ ಗಿರ್ಮ ಎಲ್ಲ ಬಿಟ್ಬಿಡು. ಕೋಪಾನೂ ಬಿಡು. ಕಣ್ಮುಚ್ಚಿ ಉಸಿರನ್ನ ಗಮನಿಸು, ಸಾಕು."

"ಒಳಗೊಬ್ರು ಉಸಿರಿಗೆ ಒದ್ದಾಡ್ತಿದಾರೆ. ಅದನ್ನ ಗಮನಿಸ್ತಿದೀನಿ, ದಾರಿ ಬಿಡು!"

ಡ್ರೈವರ್ ಹಾಳೆಯನ್ನು ಎರಡು ಸಲ ಓದಿದ. ಪೆನ್ನು ಬೇಡ ಎಂದ. "ಹಿಂದುಗಡೆ ಬರಿ. ತಮ್ಮನಿಗೆ ಹೊಡ್ದು ಕಿವಿ ಕೆಡಿಸಿದೀನಿ. ಕುಡ್ದು ಬಸ್ ಓಡ್ಸಿದೀನಿ. ಅಮ್ಮನ ಕೊನೇ ಕಾಗದಕ್ಕೆ ಉತ್ತರ ಬರೀಲಿಲ್ಲ." ನಿಂತು ನಿಂತು, ಕೆಮ್ಮಿ ಕೆಮ್ಮಿ, ಹನ್ನೊಂದು ಹೇಳಿದ. ಅವಳಿಗೂ ಗೊತ್ತಿಲ್ಲದ್ದು ನಾಲ್ಕಿದ್ದವು. "ಎಲ್ಲಾ ನಿಜ. ಎಲ್ಲಾದಕ್ಕೂ ಅಳ್ತೀನಿ. ನಿನ್ನನ್ನ ಮಾತ್ರ ಈ ಪಟ್ಟಿಗೆ ಸೇರ್ಸಲ್ಲ."

ಅವಳು ಮತ್ತೆ ಓಡಿದಳು. ಫಾದರ್ ಹಿಂಬದಿ ನೋಡಿದರು, ಮುಂಬದಿ ನೋಡಿದರು. "ಸೈನ್ ಇಲ್ವಲ್ಲಮ್ಮ."

"ಹನ್ನೊಂದು ಪಾಪ ಸಾಲ್ದೇ ಫಾದರ್ ನಿಮ್ಗೆ?"

ಹಾಳೆ ಕಿತ್ತುಕೊಂಡು ಬಂದಳು. ಮನೆಗೆ ಬಂದವಳೇ ಮಂಚದ ಪಕ್ಕ ನಿಂತು, ಅಕ್ಕಪಕ್ಕದ ಮನೆಗೆಲ್ಲ ಕೇಳುವಂತೆ, ಹನ್ನೊಂದನ್ನೂ ಒಂದೊಂದಾಗಿ ಓದಿದಳು. "ಕೇಳಿಸ್ತೇನಪ್ಪಾ ಯೇಸು? ಶಿಲುಬೆ ಮೇಲೆ ಕಳ್ಳನ ಪಕ್ಕದಲ್ಲೇ ನೇತಾಡಿದವನು ನೀನು! ಅವನನ್ನ ಸ್ವರ್ಗಕ್ಕೆ ಕರ್ಕೊಳ್ಳೋವಾಗ ಯಾವ ಕಾಗದಕ್ಕೆ ಸೈನ್ ಹಾಕಿಸ್ಕೊಂಡೆ? ಇವರನ್ನ ಕ್ಷಮಿಸು. ಕ್ಷಮಿಸಲೇಬೇಕು. ಇಲ್ಲಾಂದ್ರೆ ನಮ್ಮಿಬ್ಬರ ಮಾತು ಮುಗೀತು!"

ಡಬ್ಬಿ ತೆಗೆದಳು. ಯಾವ ಫಾದರಿನ ಮಂತ್ರವೂ ಮುಟ್ಟದ, ಬೆಳಿಗ್ಗೆಯಷ್ಟೇ ಕತ್ತರಿಸಿದ್ದ ಬಿಲ್ಲೆಯೊಂದನ್ನು ಅವನ ಅಂಗೈಯಲ್ಲಿಟ್ಟಳು.

ಅವನು ಬಾಯಿಗೆ ಹಾಕಿಕೊಳ್ಳಲಿಲ್ಲ. ಎರಡು ಕೈಯಲ್ಲಿ ಹಿಡಿದು ಮುರಿದ. ದೊಡ್ಡ ಚೂರನ್ನು ಅವಳ ತುಟಿಯ ಹತ್ತಿರ ತಂದು, "ಮೊದಲು ನೀನು" ಎಂದ.